ನೆಂದರೂ ಧೂಳು

ಹೆಣ್ಣು ಕೊಡುವ ಮೊದಲು ಅವರು ನನ್ನಿಂದ ಕೇಳಿದ್ದು ಒಂದೇ ಒಂದು ಪದ. ‘ಧೂಳು’ ಅಂತ ಹೇಳಿದ್ದೀಯಲ್ಲ, ಅದನ್ನು ಬಿಟ್ಟು ‘ಕೆಸರು’ ಅಂದುಬಿಡು, ಲಗ್ನ ಇಡಿಸೋಣ ಅಂದರು. ನಾನು ಅನ್ನಲಿಲ್ಲ. ಇವತ್ತಿನವರೆಗೂ ಅಂದಿಲ್ಲ. ಕೇಳಿದವರೆಲ್ಲ ಮೊಂಡ ಅಂದಿದ್ದಾರೆ, ಕೆಲವರು ಬೇರೆ ಮಾತೂ ಅಂದಿದ್ದಾರೆ. ಅನ್ನಲಿ. ಯಾಕೆ ಅನ್ನಲಿಲ್ಲ ಎಂದು ಹೇಳಬೇಕಾದರೆ ಮಾಲೂರಿನಿಂದ ಅರಬ್ಬಿ ಸಮುದ್ರದ ತನಕ ಹೋಗಿಬರಬೇಕಾಗುತ್ತದೆ.

ನಮ್ಮದು ಮಾಲೂರು ತಾಲ್ಲೂಕಿನ ಹಳ್ಳಿ, ಶಿವಾರಪಟ್ಟಣಕ್ಕೆ ನಡೆದೇ ಹೋಗುವಷ್ಟು ಹತ್ತಿರ. ಏಳನೇ ಕ್ಲಾಸು ಮುಗಿಯುವ ಮೊದಲೇ ಸ್ಕೂಲು ಬಿಟ್ಟೆ. ಬಿಡಿಸಿದರು ಎಂದು ಯಾರ ಮೇಲೂ ಹಾಕುವುದಿಲ್ಲ. ಮನೆಗೆ ದುಡಿಯುವ ಕೈ ಬೇಕಿತ್ತು, ಆ ಕೈ ನನ್ನ ಹತ್ತಿರ ಇತ್ತು. ಮಾಲೂರಿನ ಹೆಂಚಿನ ಕಾರ್ಖಾನೆಯೊಂದಕ್ಕೆ ಸೇರಿಕೊಂಡೆ. ಕೆರೆಯಿಂದ ಗಾಡಿಯಲ್ಲಿ ಬಂದ ಜೇಡಿಮಣ್ಣಿಗೆ ನೀರು ಬಿಟ್ಟು, ಕಲ್ಲು ಬೇರು ಆರಿಸಿ, ಮೊಣಕಾಲ ತನಕ ಇಳಿದು ತುಳಿಯುವುದು ನನ್ನ ಕೆಲಸ. ಊರಲ್ಲಿ ‘ಕೆಸರು ತುಳಿಯೋನು’ ಎಂಬ ಹೆಸರು ಬಿತ್ತು. ನನ್ನ ಜೊತೆ ಓದಿ ಮುಂದಕ್ಕೆ ಹೋದವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಮೊದಲು ನೋಡುತ್ತಿದ್ದದ್ದು ನನ್ನ ಕಾಲನ್ನು. ನೋಡಿಕೊಳ್ಳಲಿ ಎಂದು ನಾನೂ ಪ್ಯಾಂಟು ಮಡಚಿಕೊಂಡೇ ನಿಲ್ಲುತ್ತಿದ್ದೆ. ಅವರ ಮನೆಯ ಮೇಲಿನ ಹೆಂಚು ನನ್ನ ಕಾಲ ಕೆಳಗಿನಿಂದಲೇ ಹೋದದ್ದು.

ಎಪ್ಪತ್ತರ ದಶಕ ಶುರುವಾದ ಮೇಲೆ ಬೋರ್‌ವೆಲ್ ಲಾರಿಗಳು ನಮ್ಮ ಸೀಮೆಗೆ ಬರತೊಡಗಿದವು. ಕೆಸರು ಬಿಟ್ಟು ಲಾರಿ ಹತ್ತಿದೆ. ಕಬ್ಬಿಣದ ಪೈಪಿಗೆ ಪೈಪು ಜೋಡಿಸುವುದು, ಉಕ್ಕಿನ ಹಗ್ಗ ಹಿಡಿಯುವುದು, ಎಲ್ಲಿ ಕೈ ಇಟ್ಟರೆ ಬೆರಳು ಹೋಗುತ್ತದೆ ಎಂಬುದು, ಎಲ್ಲ ಕಲಿತೆ. ಆ ಲಾರಿಯ ಮೆಕ್ಯಾನಿಕ್ ಕೇರಳದವನು. ಅವನ ಕಡೆಯವರು ಯಾರೋ ಕೊಚ್ಚಿ ಬಂದರಿನಲ್ಲಿದ್ದರು. ಸಮುದ್ರದ ತಳದ ಮಣ್ಣು ತೆಗೆದು ಪರೀಕ್ಷೆ ಮಾಡುವ ಹಡಗೊಂದಕ್ಕೆ ಪೈಪಿನ ಕೆಲಸ, ಹಗ್ಗದ ಕೆಲಸ ಗೊತ್ತಿರುವ ಆಳು ಬೇಕಂತೆ, ಬರ್ತೀಯಾ ಅಂದ. ಸಮುದ್ರವನ್ನು ನಾನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದೆ. ಬರ್ತೀನಿ ಅಂದೆ.

ಮೊದಲ ಕೆಲವು ದಿನ ಹಡಗಿನಲ್ಲಿ ತಿಂದದ್ದೆಲ್ಲ ಕಕ್ಕಿದೆ. ಆಮೇಲೆ ಹೊಟ್ಟೆಯೇ ಸೋತು ಸುಮ್ಮನಾಯಿತು. ಕೆಲಸ ನನಗೆ ಹೊಸದೇನೂ ಆಗಿರಲಿಲ್ಲ. ಉದ್ದನೆಯ ಕಬ್ಬಿಣದ ಪೈಪು, ಅದರ ತಲೆಗೆ ಸೀಸದ ಭಾರ. ಪೈಪಿನೊಳಗೆ ಪ್ಲಾಸ್ಟಿಕ್ಕಿನ ಇನ್ನೊಂದು ಕೊಳವೆ. ಅದನ್ನು ಉಕ್ಕಿನ ಹಗ್ಗಕ್ಕೆ ಕಟ್ಟಿ ನೀರಿಗೆ ಬಿಡುವುದು. ಹಗ್ಗ ಇಳಿಯುತ್ತಿತ್ತು, ಇಳಿಯುತ್ತಲೇ ಇತ್ತು. ಇಲ್ಲಿ ಬೋರು ಹಾಕುವಾಗ ಅಷ್ಟು ಆಳಕ್ಕೆ ಹೋಗಿದ್ದರೆ ಜಮೀನಿನವನು ಎದೆ ಒಡೆದುಕೊಳ್ಳುತ್ತಿದ್ದ. ಕೊನೆಗೆ ಪೈಪು ತಳಕ್ಕೆ ಹೋಗಿ ನಾಟಿಕೊಂಡಾಗ ಹಗ್ಗ ಒಂದು ಕ್ಷಣ ಸಡಿಲವಾಗುತ್ತಿತ್ತು. ಆ ಸಡಿಲು ಗೊತ್ತಾದ ಕೂಡಲೇ ಮೇಲೆತ್ತಬೇಕು. ಮೇಲೆ ಬಂದ ಪೈಪನ್ನು ಡೆಕ್ಕಿನ ಮೇಲೆ ಅಡ್ಡ ಮಲಗಿಸಿ ಒಳಗಿನ ಕೊಳವೆ ಎಳೆದರೆ ಅದರ ತುಂಬ ಮಣ್ಣು. ಬೂದು ಬಣ್ಣ, ನಡುನಡುವೆ ಹಸಿರು ಛಾಯೆ, ಒಂದೊಂದು ಕಡೆ ಕಂದು. ನೆತ್ತಿ ಸುಡುವ ಬಿಸಿಲಿನಲ್ಲಿ ಆ ಮಣ್ಣು ಮಾತ್ರ ಐಸಿನಂತೆ ಕೊರೆಯುತ್ತಿತ್ತು. ಸಮುದ್ರದ ತಳಕ್ಕೆ ಬಿಸಿಲು ಎಂದೂ ಹೋಗಿಲ್ಲ ಎಂಬುದು ನನಗೆ ಅಂಗೈಯಿಂದ ಗೊತ್ತಾದ ವಿಷಯ.

ಆ ಮಣ್ಣಿನ ಜವಾಬ್ದಾರಿ ಇದ್ದದ್ದು ಧಾರವಾಡದ ಕಡೆಯ ಒಬ್ಬ ಸಾಹೇಬರಿಗೆ. ಹಡಗಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ನನ್ನ ಹೆಸರು ಕೇಳಿದರೂ ಕರೆಯುತ್ತಿದ್ದದ್ದು ‘ಕೋಲಾರ’ ಎಂದು. ಮೊದಲ ಕೊಳವೆಯನ್ನು ಉದ್ದಕ್ಕೆ ಸೀಳಿದ ದಿನ ಅವರು ಚಾಕುವಿನ ತುದಿಯಲ್ಲಿ ಚೂರು ಮಣ್ಣು ತೆಗೆದು ಬಾಯಿಗೆ ಹಾಕಿಕೊಂಡು ಮುಂಗಡೆಯ ಹಲ್ಲಿನಲ್ಲಿ ಕಡಿದರು. ನಾನು ನಕ್ಕುಬಿಟ್ಟೆ.

“ಯಾಕಪಾ ಕೋಲಾರ, ನಗತೀ?”

“ನಮ್ಮ ಹೆಂಚಿನ ಮೇಸ್ತ್ರೀನೂ ಹಿಂಗೇ ಮಣ್ಣು ತಿಂತಿದ್ದ ಸಾರ್. ಮರಳು ಇದ್ಯಾ ಇಲ್ವಾ ಅಂತ.”

“ಮತ್ತ ನಾನೂ ಅದಕ್ಕ ತಿನ್ನೋದು. ತಗೋ, ನೀನೂ ಕಡಿ. ಏನ್ ಹತ್ತತದ ಹೇಳು.”

ಕಡಿದೆ. ಬೆಣ್ಣೆಯಂಥ ಮಣ್ಣಿನ ನಡುವೆ ಹಲ್ಲಿಗೆ ಸಣ್ಣಗೆ ಏನೋ ಕರಕರ ಎಂದಿತು.

“ಹರಳು ಸಾರ್. ಇಷ್ಟು ದೂರಕ್ಕೆ ಯಾವ ಹೊಳೆ ತಂತು?”

“ಹೊಳಿ ಇಷ್ಟು ದೂರ ತರಾಂಗಿಲ್ಲ. ಹೊಳೀ ಹೂಳೆಲ್ಲ ದಂಡೀ ಹತ್ರಾನ ಕೂಡತದ. ಇದು ಗಾಳ್ಯಾಗ ಹಾರಿ ಬಂದ ಧೂಳು. ಅರಬಸ್ತಾನದ್ದು ಇದ್ದೀತು, ಆಫ್ರಿಕಾದ್ದು ಇದ್ದೀತು, ನಮ್ಮ ರಾಜಸ್ಥಾನದ್ದೂ ಇದ್ದೀತು.”

ಧೂಳು ಸಮುದ್ರ ದಾಟಿ ಬರುತ್ತದೆಯೇ ಎಂದು ನಾನು ಬಾಯಿ ಬಿಟ್ಟು ಕೇಳಲಿಲ್ಲ, ನನ್ನ ಮುಖ ಕೇಳಿರಬೇಕು. ಅವರು ಡೆಕ್ಕಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಹೇಳಿದರು. “ನಿಮ್ಮ ಕಡೆ ಕಣದಾಗ ರಾಶಿ ತೂರತಾರಿಲ್ಲೋ? ಕಾಳು ಕಾಲಬುಡಕ್ಕ ಬೀಳತದ. ಹೊಟ್ಟು ಅತ್ತಾಗ. ಧೂಳು ಇನ್ನೂ ಅತ್ತಾಗ. ಗಾಳಿ ಜೋರಿದ್ರ ದಪ್ಪಂದೂ ದೂರ ಹೋಗತದ. ಈ ಸಮುದ್ರ ಅಂದ್ರ ಕಣದ ಆ ತುದಿ ಅಂತ ತಿಳಿ. ಇಲ್ಲಿ ಬಿದ್ದ ಹರಳು ದಪ್ಪ ಇದ್ರ ಆ ಕಾಲಕ್ಕ ಗಾಳಿ ಜೋರಿತ್ತು. ಧೂಳು ಬಹಳ ಬಿದ್ದಿದ್ರ ಆ ಸೀಮಿಯೊಳಗ ಮಳಿ ಇದ್ದಿಲ್ಲ, ಹುಲ್ಲು ಒಣಗಿ ನೆಲ ಬತ್ತಲೆ ಆಗಿತ್ತು. ಹುಲ್ಲಿದ್ದ ನೆಲ ಧೂಳು ಬಿಡಾಂಗಿಲ್ಲ.”

“ಯಾವ ಕಾಲ ಸಾರ್?”

“ಒಂದು ಬೆರಳಗಲ ಮಣ್ಣು ಕೂಡಾಕ ನೂರಾರು ವರ್ಷ ಬೇಕು. ಈ ಕೊಳವೀ ತಳದ ಮಣ್ಣು ಬಿದ್ದಾಗ ನಿಮ್ಮ ರಾಗಿ ಬಿತ್ತವರೂ ಇದ್ದಿಲ್ಲ, ನಮ್ಮ ಜೋಳ ಬಿತ್ತವರೂ ಇದ್ದಿಲ್ಲ.”

ಇನ್ನೊಂದು ದಿನ ಅದೇ ಮಣ್ಣಿನ ಚೂರಿಗೆ ಆಸಿಡ್ ಬಿಟ್ಟರು. ಮಣ್ಣಿನಲ್ಲಿದ್ದ ರಾಗಿಕಾಳಿಗಿಂತ ಸಣ್ಣ ಚಿಪ್ಪುಗಳೆಲ್ಲ ಬುಸ್ಸೆಂದು ನೊರೆಯಾಗಿ ಕರಗಿದವು. ಉಳಿದದ್ದನ್ನು ತೊಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟು, ಬಾ ಕೋಲಾರ, ನೋಡು ಎಂದರು. ಕಣ್ಣಿಟ್ಟೆ. ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವಾಗ ಉಳಿಯ ಬಾಯಿಂದ ಸಿಡಿಯುವ ಚೂರುಗಳಂತೆ ಇದ್ದವು: ಕೆಲವು ಗಾಜಿನಂತೆ, ಕೆಲವಕ್ಕೆ ಕೆಂಪು ಲೇಪ ಹಿಡಿದಿತ್ತು. ಬೇಸಗೆಯಲ್ಲಿ ನಮ್ಮ ಕೋಲಾರದ ರಸ್ತೆಯ ಮೇಲೆ ಏಳುವ ಕೆಂಪೇ ಅದು. ಯಾರೂ ಬರೆದಿಡದ ಒಣಗಾಲಗಳು, ಕಂಡವರು ಒಬ್ಬರೂ ಉಳಿದಿಲ್ಲದ ಗಾಳಿಗಳು, ನನ್ನ ಒಂದು ಕಣ್ಣಿನ ಎದುರು ಬಿದ್ದಿದ್ದವು. ಆ ಪೈಪನ್ನು ಎಳೆದದ್ದು ಈ ಕೈ. ಸ್ಕೂಲಿನಲ್ಲಿ ಯಾರೂ ನನಗೆ ಇಂಥದ್ದು ತೋರಿಸಿರಲಿಲ್ಲ. ತೋರಿಸುವಷ್ಟು ದಿನ ನಾನೂ ಅಲ್ಲಿರಲಿಲ್ಲ, ಬಿಡಿ.

ಮಳೆಗಾಲಕ್ಕೆ ಮುಂಚೆ ಹಡಗಿನ ಕೆಲಸ ಮುಗಿದು ಊರಿಗೆ ಬಂದೆ. ಮತ್ತೆ ಬೋರ್‌ವೆಲ್ ಲಾರಿ ಹತ್ತಿದೆ. ಸುಗ್ಗಿಗೆ ಮುಂಚೆ ಅಮ್ಮ ಹೆಣ್ಣು ನೋಡಬೇಕು ಎಂದು ಹಟ ಹಿಡಿದಳು. ಅಮ್ಮನ ತಮ್ಮ, ನನ್ನ ಸೋದರಮಾವ, ಶ್ರೀನಿವಾಸಪುರದಲ್ಲಿ ಮಾವಿನ ತೋಟಗಳ ವ್ಯಾಪಾರ ಮಾಡುತ್ತಿದ್ದವನು. ಹತ್ತೂರು ತಿರುಗಿದ ಮನುಷ್ಯ. ಅವನೇ ಬೈರಕೂರಿನ ಆಚೆ, ಆಂಧ್ರದ ಗಡಿಗೆ ಹತ್ತಿರದ ಹಳ್ಳಿಯಲ್ಲಿ ಒಂದು ಸಂಬಂಧ ಹುಡುಕಿದ. ಹುಡುಗಿಗೆ ತಂದೆ ಇಲ್ಲ. ಮನೆಯ ಯಜಮಾನಿಕೆ ಅವಳ ದೊಡ್ಡಪ್ಪನದು. ರಾಗಿ, ತರಕಾರಿ, ಹಿಪ್ಪುನೇರಳೆ. ತಾಯಿ ಮಗಳು ಮನೆಯಲ್ಲೇ ರೇಷ್ಮೆ ಹುಳ ಸಾಕುತ್ತಾರೆ. ಮನೆ ಮಾತು ಅರ್ಧ ಕನ್ನಡ, ಅರ್ಧ ತೆಲುಗು.

ಹೋದೆವು. ಹುಡುಗಿ ಉಪ್ಪಿಟ್ಟು, ಕಾಫಿ ತಂದಿಟ್ಟು ಒಳಗೆ ಹೋದಳು. ನನಗೆ ಹಿಡಿಸಿದಳು. ಅದನ್ನು ಇಲ್ಲಿ ಉದ್ದ ಮಾಡುವುದಿಲ್ಲ. ದೊಡ್ಡಪ್ಪ ಹಜಾರದ ಕಂಬಕ್ಕೆ ಒರಗಿ ಕೂತಿದ್ದರು. ಕಿವಿ ಸ್ವಲ್ಪ ಮಂದ, ಬಾಯಿ ಚುರುಕು.

“ಏಮಪ್ಪಾ, ಹೋದ ವರ್ಷ ಎಲ್ಲೋ ದೂರ ಹೋಗಿದ್ಯಂತೆ. ಏನ್ ಕೆಲಸ?”

ಇಲ್ಲಿ ನಾನು ಒಂದು ಗ್ರಾಂಥಿಕ ಪದ ಹಾಕಿದೆ. ನಮ್ಮ ಕಡೆ ಸಮುದ್ರ ಅನ್ನುತ್ತಾರೆ. ‘ಕಡಲು’ ಎನ್ನುವುದು ಸ್ಕೂಲಿನ ಪದ್ಯದಲ್ಲಿ ಮಾತ್ರ. ಓದು ಬಿಟ್ಟವನು ಎಂದು ಮಾವ ಮೊದಲೇ ಹೇಳಿದ್ದನಲ್ಲ, ಇವನಿಗೂ ನಾಲ್ಕು ಪದ ಗೊತ್ತು ಎನ್ನಿಸಲಿ ಎಂದು, “ಕಡಲ ಧೂಳು ಎತ್ತೋ ಕೆಲಸ ಯಜಮಾನ್ರೆ” ಅಂದೆ.

“ಕಡ್ಲೆ ಧೂಳಾ? ಎಣ್ಣೆ ಮಿಲ್ಲಿನಾಗಾ?”

ಹಜಾರ ತುಂಬ ನಗು. ಒಳಗಿನ ಬಾಗಿಲ ಹಿಂದೆಯೂ ಯಾರೋ ಕಿಸಕ್ಕೆಂದರು. ನಾನು ಬಿಡಲಿಲ್ಲ. ಹಡಗು, ಪೈಪು, ಸೀಸದ ಭಾರ, ತಣ್ಣನೆಯ ಮಣ್ಣು, ಕೆಂಪು ಹರಳು, ಎಲ್ಲ ಬಿಡಿಸಿ ಹೇಳಿದೆ. ದೊಡ್ಡಪ್ಪ ಕೊನೆಯ ತನಕ ಕೇಳಿ ತಲೆ ಆಡಿಸಿದರು.

“ಸಮುದ್ರದ ತಳದಾಗೆ ಧೂಳು?”

“ಹೌದು.”

“ನೀರಿನ ಕೆಳಗೆ?”

“ಹೌದು ಯಜಮಾನ್ರೆ.”

“ಒದ್ದೆ ಧೂಳು ಅಂತ ಎಲ್ಲಾದ್ರೂ ಐತೇನ್ರಪ್ಪಾ?” ಎಂದು ಸುತ್ತ ಕೂತವರನ್ನು ಕೇಳಿದರು. “ಧೂಳು ಅಂದ್ರೆ ಒಣಗಿದ್ದು. ನೀರು ಬಿತ್ತೋ, ಅದು ಕೆಸರು. ಕೆರೆ ತಳದಾಗಿದ್ರೆ ಹೂಳು. ಒದ್ದೆ ಧೂಳು ಅನ್ನೋನು ನಾಳೆ ಒಣ ನೀರು ಅಂತಾನೆ.”

“ಕಣ್ಣಾರೆ ಕಂಡಿದೀನಿ.”

“ಕಣ್ಣಾರೆ ಕಂಡ್ರೂ ಪರಾಂಬರಿಸಿ ನೋಡು ಅಂದವ್ರೆ ಹಿರೀಕರು. ನೀನು ನೋಡಿದ್ದು ಕೆಸರು. ಆ ಸಾಹೇಬ ಧೂಳು ಅಂದ, ನೀನೂ ಅಂದೆ. ಸುಳ್ಳು ಅನ್ನಲ್ಲಪ್ಪ ನಾನು. ಅಬದ್ಧಂ ಅಂತೀನಿ ಅಷ್ಟೇ.”

ತೆಲುಗಿನಲ್ಲಿ ಅಂದರೆ ಸುಳ್ಳು ಸಣ್ಣದಾಗುತ್ತದೇನೋ. ನಾವು ಎದ್ದು ಬಂದೆವು.

ವಾರ ಕಳೆದು ಮಾವ ಸುದ್ದಿ ತಂದ. ಹುಡುಗಿಗೂ ತಾಯಿಗೂ ಒಪ್ಪಿಗೆಯಂತೆ, ದೊಡ್ಡಪ್ಪನದು ಮಾತ್ರ ಒಂದು ಶರತ್ತು. ಆವತ್ತು ಹಜಾರದಲ್ಲಿದ್ದವರ ಮುಂದೆ ನಾನು ಹೋಗಿ, ‘ಅದು ಧೂಳಲ್ಲ, ಕೆಸರು’ ಅನ್ನಬೇಕು. ಹಿರಿಯರ ಮಾತಿಗೆ ಎದುರು ಮಾತಾಡಿದ ಅಳಿಯ ಅವರಿಗೆ ಬೇಡ.

“ಒಂದು ಪದ ಕಣೋ” ಎಂದ ಮಾವ. “ಮೂರು ಅಕ್ಷರ. ಬಾಯಿ ಸುಟ್ಟೋಗಲ್ಲ.”

“ಕೆಸರಾಗಿದ್ರೆ ಕೆಸರು ಅಂತಿದ್ದೆ ಮಾವ.”

“ಲೇ, ಆ ಧೂಳು ನಿನಗೆ ಚಿಕ್ಕಪ್ಪನಾ ದೊಡ್ಡಪ್ಪನಾ? ಅದರ ಪರವಾಗಿ ನೀನ್ಯಾಕೆ ಸಾಯ್ತೀಯ?”

ಅಮ್ಮ ತಟ್ಟೆ ಇಡುವಾಗ ಸ್ವಲ್ಪ ಜೋರಾಗಿ ಇಟ್ಟಳು. ಸುತ್ತ ಏಳು ಊರಲ್ಲಿ ನನಗೆ ಬೇರೆ ಹೆಣ್ಣು ಸಿಗುತ್ತಿರಲಿಲ್ಲ ಎಂದಲ್ಲ. ನನಗೆ ಅವಳೇ ಬೇಕಾಗಿತ್ತು, ಅದು ಅಮ್ಮನಿಗೆ ಗೊತ್ತಾಗಿತ್ತು.

ಬೇಕಾಗಿತ್ತು ನಿಜ. ಆದರೂ ಬಾಯಿ ಏಳಲಿಲ್ಲ. ಯೋಚನೆ ಮಾಡಿದಷ್ಟೂ ಗಟ್ಟಿಯಾದೆ. ಕೆಸರು ನನಗೆ ಗೊತ್ತು, ದೊಡ್ಡಪ್ಪನಿಗಿಂತ ಚೆನ್ನಾಗಿ ಗೊತ್ತು. ವರ್ಷಗಟ್ಟಲೆ ಅದರೊಳಗೆ ನಿಂತವನು. ಊರು ನನಗೆ ಕೊಟ್ಟಿದ್ದೇ ಆ ಪದ. ಸಮುದ್ರಕ್ಕೆ ಹೋದರೂ ಇವನು ಎತ್ತಿದ್ದು ಕೆಸರನ್ನೇ ಎಂದು ನಾನೇ ಹೋಗಿ ಹೇಳಿಬರಬೇಕಂತೆ. ಕೆಸರು ಎಂದರೆ ಅದು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ, ಕಾಲು ತೊಳೆದುಕೊಂಡು ಹೋಗುತ್ತಾರೆ. ಧೂಳು ಎಂದರೆ ಗಾಳಿ ಎಲ್ಲಿಯದು, ನೆಲ ಯಾಕೆ ಒಣಗಿತ್ತು, ಎಷ್ಟು ದೂರ ಹಾರಿತು ಎಂದು ಕೇಳಲೇಬೇಕು. ಆ ಹರಳುಗಳ ಊರು, ದಾರಿ, ಕಾಲ ಎಲ್ಲ ಆ ಒಂದು ಪದದಲ್ಲಿದೆ. ಮಳೆಯಲ್ಲಿ ನೆಂದ ಮಾತ್ರಕ್ಕೆ ಮನುಷ್ಯನ ಊರು ಬದಲಾಗುತ್ತದೆಯೇ?

ಸಂಕ್ರಾಂತಿ ಕಳೆದ ಮೇಲೆ, “ನಾನೇ ಹೋಗಿ ಮಾತಾಡಿ ಬರ್ತೀನಿ” ಅಂದೆ. ಮಾವನಿಗೆ ಖುಷಿಯಾಗಿ ಜೊತೆಗೆ ಹೊರಟ. ಕೋಲಾರದಲ್ಲಿ ಬಸ್ಸು ಬದಲಾಯಿಸಿ ಮುಳಬಾಗಿಲಿನ ಕಡೆ ಹೋಗುವಾಗ ದಾರಿಯುದ್ದಕ್ಕೂ ನನಗೆ ಪಾಠ.

“ಎಲ್ಲಿ, ಒಂದ್ಸಲ ಅನ್ನು ನೋಡೋಣ. ಕೆಸರು.”

“ಮುಂದಿನ ಸ್ಟಾಪಿನಲ್ಲಿ ಟೀ ಕುಡಿಯೋಣ ಮಾವ.”

“ಮೊದಲು ಅನ್ನೋ. ಕೆ... ಸ... ರು.”

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, ಈ ಹುಡುಗನಿಗೆ ಮಾತು ಬರೋದಿಲ್ವಾ ಎಂದು ಮಾವನನ್ನು ಕನಿಕರದಿಂದ ಕೇಳಿದಳು.

ದೊಡ್ಡಪ್ಪ ಕಣದಲ್ಲಿದ್ದರು. ರಾಗಿಯ ಮೇಲೆ ರೋಣಗಲ್ಲು ಹೊಡೆದು ಮುಗಿದಿತ್ತು, ತೂರುವ ಕೆಲಸ ನಡೆದಿತ್ತು. ಅವರು ಮೂರುಕಾಲಿನ ಎತ್ತರದ ಪೀಠದ ಮೇಲೆ ಮೊರ ಹಿಡಿದು ನಿಂತಿದ್ದರು. ಗಾಳಿ ನಿಂತುಹೋದ ಕಾರಣ ಎಲ್ಲರೂ ಕಾಯುತ್ತಿದ್ದರು. ಪಕ್ಕದ ಕಣದಲ್ಲಿ ಪಕ್ಕದ ಜಮೀನಿನ ರೈತನೂ ತನ್ನ ಮೊರ ಕೆಳಗಿಟ್ಟು ಬೀಡಿ ಹಚ್ಚಿದ್ದ. ಹುಡುಗಿಯ ತಾಯಿ ಊಟದ ಬುಟ್ಟಿ ಇಳಿಸಿ ಹುಣಸೆ ಮರದ ನೆರಳಲ್ಲಿ ಕೂತಿದ್ದರು.

ಪೀಠದ ಮೇಲಿಂದಲೇ ದೊಡ್ಡಪ್ಪ ಕೇಳಿದರು. “ಬಂದ್ಯಾ? ಏನಂತೀಯ ಈಗ?”

ಮಾವ ನನ್ನ ಬೆನ್ನು ತಿವಿದ.

“ಧೂಳು ಅಂತೀನಿ ಯಜಮಾನ್ರೆ. ಬಂದಿದ್ದು ಗಾಳೀಲಿ. ನೀರಾಗೆ ಬಿತ್ತು ಅಂತ ಅದರ ಹುಟ್ಟು ಹೋಗಲ್ಲ. ನಿಮ್ಮ ಮುಂದೆ ಒಂದು, ಹಿಂದೆ ಒಂದು ಹೇಳೋನಾದ್ರೆ ನಾನು ಆವತ್ತೇ ಹೇಳ್ತಿದ್ದೆ.”

ಮಾವ “ಹೋಯ್ತು” ಎಂದು ಅಲ್ಲೇ ರಾಗಿ ಹುಲ್ಲಿನ ಮೇಲೆ ಕೂತುಬಿಟ್ಟ.

“ಇದನ್ನ ಹೇಳೋಕೆ ಮಾಲೂರಿಂದ ಬಂದ್ಯಾ?”

“ಕೆಸರು ಅಂತ ಹೇಳೋಕೆ ಬರ್ತೀನಿ ಅಂತ ನಿಮಗೆ ಯಾರು ಹೇಳಿದ್ರು?”

ಅಷ್ಟು ಹೊತ್ತೂ ಕೇಳುತ್ತಿದ್ದ ಪಕ್ಕದ ಕಣದವನು ಬೀಡಿ ಬಾಯಿಂದ ತೆಗೆದ. “ಅಣ್ಣೋ, ಅದೇನು ಧೂಳು ಕೆಸರು?” ವಿಷಯ ತಿಳಿದದ್ದೇ ಅವನ ಮುಖ ಅರಳಿತು. “ಹಂಗಾದ್ರೆ ಹೋದ ವರ್ಷದ ನ್ಯಾಯ ಏನಪ್ಪಾ? ನನ್ನ ಕಣದ ಧೂಳು ಹಾರಿ ನಿನ್ನ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿತ್ತು, ಹುಳ ಹೋಯ್ತು ಅಂತ ನನ್ನನ್ನ ಅರಳಿಕಟ್ಟೆ ಮೇಲೆ ನಿಲ್ಲಿಸಿದ್ಯಲ್ಲ. ಸೊಪ್ಪು ಇಬ್ಬನೀಲಿ ನೆಂದು ತೊಪ್ಪೆಯಾಗಿತ್ತು. ಆವಾಗ ಅದು ಧೂಳು! ಕೆಸರು ಅಂದಿದ್ರೆ ನಾನು ತಪ್ಪಿಸಿಕೊಳ್ತಿದ್ದೆ.”

“ಬಾಯ್ಮುಚ್ಚೋ ನೀನು! ಅದು ಬೇರೆ!”

“ಏನ್ ಬೇರೆ?”

“ಅದು ಸೊಪ್ಪು. ಇದು ಸಮುದ್ರ!”

ಪಕ್ಕದವನು ಹೊಟ್ಟೆ ಹಿಡಿದು ನಕ್ಕ. ನನಗೆ ಒಳ್ಳೆಯದಾಯಿತು ಎಂದುಕೊಳ್ಳಬೇಡಿ. ವೈರಿ ನನ್ನ ಪರ ಮಾತಾಡಿದ್ದರಿಂದ ದೊಡ್ಡಪ್ಪನಿಗೆ ಇದ್ದ ಸಿಟ್ಟು ಎರಡರಷ್ಟಾಯಿತು. ಮೊರವನ್ನು ನನ್ನ ಕಡೆ ತೋರಿಸಿ, “ಈ ಸಂಬಂಧ ಮುಗೀತು. ನಡಿ, ಪೋರಾ!” ಎಂದರು.

ನಾನು ತಿರುಗಿದೆ. ಕಣದ ಅಂಚಿನ ತನಕ ಬಂದಿದ್ದೆ. 

“ಧೂಳೇ ಭಾವ.”

ಹುಡುಗಿಯ ತಾಯಿ. ಭಾವನ ಎದುರು ಆ ಹೆಂಗಸು ದನಿ ಎತ್ತಿದ್ದನ್ನು ಅಲ್ಲಿ ಯಾರೂ ಕೇಳಿದಂತಿರಲಿಲ್ಲ. ಪಕ್ಕದವನ ನಗುವೂ ನಿಂತಿತು. ಅವರು ಸೆರಗು ಸರಿಮಾಡಿಕೊಂಡು, ನೆಲ ನೋಡಿಕೊಂಡೇ ಹೇಳಿದರು. “ಸೊಪ್ಪು ಎಲೆ ಎಲೆ ತೊಳೆದೋಳು ನಾನು. ಒದ್ದೆ ಕೈಗೆ ಅಂಟ್ಕೊಂಡಿದ್ದು ಧೂಳೇ. ಹುಳ ತಿಂದು ಸತ್ತಿದ್ದೂ ಆ ಧೂಳಿಗೇ. ನೆಂದ್ರೂ ಧೂಳೇ. ಇದ್ದಿದ್ದನ್ನ ಇದ್ದಂಗೆ ಅಂತವ್ನೆ ಹುಡುಗ. ಅನ್ನಲಿ ಬಿಡು.”

ಆಮೇಲೆ ನನ್ನ ಕಡೆ ನೋಡದೆಯೇ, “ಬಾಪ್ಪ, ಕೂತ್ಕೋ. ಮುದ್ದೆ ಆರೋಗ್ತದೆ” ಅಂದರು.

ನಮ್ಮ ಕಡೆ ಒಂದು ನಡೆ ಇದೆ. ಸಂಬಂಧ ಕುದುರುವವರೆಗೂ ಹೆಣ್ಣಿನ ಕಡೆಯವರಲ್ಲಿ ಗಂಡು ಊಟ ಮಾಡುವಂತಿಲ್ಲ. ಉಪ್ಪಿಟ್ಟು, ಕಾಫಿ, ಬಾಳೆಹಣ್ಣು, ಅಷ್ಟರಲ್ಲೇ ಏಳಬೇಕು. ಮುದ್ದೆ ಮುರಿದರೆ ಮಾತು ಮುಗಿಯಿತು ಎಂದೇ ಲೆಕ್ಕ. ಕಣದಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಹುಲ್ಲಿನ ಮೇಲೆ ಕೂತಿದ್ದ ಮಾವ ಎದ್ದು ನಿಂತ. ತಾಯಿ ತಟ್ಟೆಗೆ ಮುದ್ದೆ ಇಟ್ಟು ಹಿದುಕಿದ ಅವರೆಬೇಳೆ ಸಾರು ಹಾಕಿದರು. ನಾನು ಕೂತೆ.

ದೊಡ್ಡಪ್ಪ ಬಾಯಿ ತೆರೆದರು. ಅದೇ ಹೊತ್ತಿಗೆ ಗಾಳಿ ಬಂತು. ತೂರುವವನಿಗೆ ಗಾಳಿ ಬಂದಾಗ ಜಗಳಕ್ಕೆ ಪುರುಸೊತ್ತಿಲ್ಲ. ಆಳುಗಳು ಮೊರ ತುಂಬಿ ಕೊಡುತ್ತ ಹೋದರು, ಅವರು ತೂರುತ್ತ ಹೋದರು. ಹುಣಸೆ ಮರ ಗಾಳಿ ಹೋಗುವ ಕಡೆಗೇ ಇತ್ತು. ಮೈ ತುರಿಸುವ ರಾಗಿ ಸುಂಕು, ಹೊಟ್ಟಿನ ಧೂಳು ಎಲ್ಲ ನೇರ ನನ್ನ ಮೇಲೆ, ನನ್ನ ತಟ್ಟೆಯ ಮೇಲೆ. ಅವರು ಬೇಕೆಂದೇ ಜೋರಾಗಿ ಎಸೆಯುತ್ತಿದ್ದರು ಎಂದು ಮಾವ ಇವತ್ತಿಗೂ ಹೇಳುತ್ತಾನೆ. ನಾನು ಜಾಗ ಬದಲಿಸಲಿಲ್ಲ. ಒಂದು ತುತ್ತೂ ಬಿಡದೆ ಉಂಡೆ. ಕೈ ತೊಳೆಯುವಾಗ ತಲೆ, ರೆಪ್ಪೆ, ಅಂಗಿ ಎಲ್ಲ ಒಂದೇ ಬಣ್ಣ.

ಮದುವೆ ಆವನಿಯ ಗುಡಿಯಲ್ಲಿ ಆಯಿತು. ತಂದೆ ಇಲ್ಲದ ಹುಡುಗಿಯ ಧಾರೆ ಎರೆಯಬೇಕಾದವರು ದೊಡ್ಡಪ್ಪನೇ. ಎರೆದರು. ಕರ್ತವ್ಯ ತಪ್ಪಿಸುವ ಮನುಷ್ಯ ಅವರಲ್ಲ. ನಮ್ಮ ಕೈಯ ಮೇಲೆ ನೀರು ಬಿಡುವಾಗ ನನ್ನ ಕಿವಿಯ ಹತ್ತಿರ ಬಗ್ಗಿ, ಮೆಲ್ಲಗೆ, “ಕೆಸರು” ಅಂದರು.

“ಧೂಳು” ಅಂದೆ.

ಪುರೋಹಿತರು ಮಂತ್ರ ತಪ್ಪಾಯಿತೇನೋ ಎಂದು ಇಬ್ಬರ ಮುಖ ನೋಡಿದರು. ಆಮೇಲೆ ಬದುಕಿದ್ದಷ್ಟು ಕಾಲವೂ, ಹಬ್ಬಕ್ಕೆ ಹೋದಾಗೆಲ್ಲ, ಕ್ಷೇಮ ಸಮಾಚಾರಕ್ಕೆ ಮೊದಲು ಅವರದು ಒಂದು ಪದ, ನನ್ನದು ಒಂದು ಪದ. ಅವರು ಸೋಲಲಿಲ್ಲ. ನಾನು ಸೋತೆ ಎಂದು ಯಾರಾದರೂ ಹೇಳಿದರೆ ಬಂದು ನನ್ನ ಎದುರು ಹೇಳಲಿ.

ಎಂಬತ್ತರ ದಶಕ ಬರುವ ಹೊತ್ತಿಗೆ ನಮ್ಮ ಹೊಲದಲ್ಲೂ ಹಿಪ್ಪುನೇರಳೆ ಎದ್ದಿತ್ತು. ಹುಳ ಸಾಕುವುದು ಹೆಂಡತಿ ತವರಿನಿಂದ ತಂದ ವಿದ್ಯೆ. ಹುಳಗಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆಯೆತ್ತಿಕೊಂಡು ಸುಮ್ಮನೆ ಕೂರುತ್ತವೆ. ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಮನೆಯವರಿಗೆ ಸ್ವಲ್ಪ ಬಿಡುವು. ಅಂಥ ಒಂದು ಮಧ್ಯಾಹ್ನ ಅವಳು ಹುಳದ ತಟ್ಟೆಗಳ ಪಕ್ಕ ಗೋಡೆಗೆ ಒರಗಿ ಕೂತಿದ್ದವಳು ಕೇಳಿದಳು.

“ಒಂದು ಮಾತು ಕೇಳ್ಲಾ? ಸಿಟ್ಟಾಗ್ಬಾರ್ದು.”

“ಕೇಳು.”

“ಆ ಸಮುದ್ರದ ತಳದಾಗೆ ನಿಜವಾಗ್ಲೂ ಧೂಳಿತ್ತಾ?”

ನನಗೆ ಮೈ ಉರಿಯಿತು. “ಇದನ್ನ ಮದುವೆಗೆ ಮುಂಚೆ ಕೇಳಬೇಕಿತ್ತು.”

“ಆವಾಗ ಬೇಕಾಗಿರ್ಲಿಲ್ಲ. ಇದ್ರೂ ಸರಿ, ಇಲ್ದಿದ್ರೂ ಸರಿ, ಇವ್ರನ್ನೇ ಆಗ್ತೀನಿ ಅಂತ ಅಮ್ಮನ ಹತ್ರ ಹೇಳಿದ್ದೆ. ಈಗ ಸುಮ್ನೆ ಕೇಳಿದೆ.”

ಬೇರೆ ಯಾರಾದರೂ ಆಗಿದ್ದರೆ ಆ ಮಾತಿಗೆ ಕರಗಿಹೋಗುತ್ತಿದ್ದರೇನೋ. ನಾನು ಎದ್ದು ನಿಂತೆ.

“ಇಲ್ದಿದ್ರೂ ಸರೀನಾ? ಅದು ಹೆಂಗೆ ಸರಿ? ನಾನು ಕಣದಾಗೆ ನಿಂತು ನಿಮ್ಮ ದೊಡ್ಡಪ್ಪನ ಕೈಲಿ ಬೈಸ್ಕೊಂಡಿದ್ದು ಇಲ್ದಿದ್ರೂ ಸರಿ ಅನ್ನಿಸಿಕೊಳ್ಳೋಕಾ? ಇತ್ತು! ಈ ಹಲ್ಲಲ್ಲಿ ಕಡ್ದಿದೀನಿ!”

“ಅಯ್ಯೋ, ಮೆಲ್ಲಗೆ! ಹುಳ ಜ್ವರಕ್ಕೆ ಕೂತವೆ.”

ದನಿ ತಗ್ಗಿಸಿದೆ. ಅವಳ ಪಕ್ಕ ಕೂತು, ಪೈಪಿನ ತಲೆಗೆ ಸೀಸ ಕಟ್ಟುವಲ್ಲಿಂದ ಶುರು ಮಾಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಗಲಿ ಎಂದು ನಾನು ಹಗ್ಗ ಬಿಡುತ್ತಲೇ ಹೋದೆ.